ಮಗ ಅಂಕಿಗಳನ್ನು ಉಲ್ಟಾ ಬರೆಯುತ್ತಾನೆ, ಬೆರಳು ಎಣಿಸುತ್ತಾನೆ. ಚಿಂತೆ ಮಾಡಬೇಕಾ?

ಪುಟ್ಟನ ಅಮ್ಮ:
ನಮಸ್ಕಾರ ಎಲ್ಲರಿಗೂ. ಮಗನಿಗೆ 5 ವರ್ಷ 11 ತಿಂಗಳು, ಒಂದನೇ ಕ್ಲಾಸು. 3 ಮತ್ತು 7ನ್ನು ಕನ್ನಡಿಯಲ್ಲಿ ಕಾಣುವ ಹಾಗೆ ತಿರುಗಿಸಿ ಬರೆಯುತ್ತಾನೆ. 4ಕ್ಕೆ 3 ಕೂಡಿಸು ಅಂದರೆ ಬೆರಳು ಮಡಚುತ್ತಾನೆ, ಅದೂ ಪ್ರತಿ ಸಲ ಒಂದರಿಂದಲೇ ಶುರು. ಬರೆಯುವಾಗ ತನ್ನಷ್ಟಕ್ಕೆ ಮಾತು ಬೇರೆ, "ಮೇಲಿಂದ ಕೆಳಗೆ, ಈಗ ಸುತ್ತು, ಅಯ್ಯೋ ತಪ್ಪಾಯ್ತು" ಅಂತ. ಬೆರಳು ಬಿಡಿಸಿ, ಮಾತು ನಿಲ್ಲಿಸಿ, ದಿನಾ ಎರಡು ಪುಟ ಬರೆಸಿ ಅಂತ ಟೀಚರ್ ಹೇಳಿದ್ದಾರೆ. ಎರಡು ವಾರದಿಂದ ಬರೆಸುತ್ತಿದ್ದೇನೆ. ಸಂಜೆ ಆದರೆ ಅವನೂ ಅಳುತ್ತಾನೆ, ನನಗೂ ಅಳು ಬರುತ್ತದೆ. ಅದೇ ಕ್ಲಾಸಿನ ಒಬ್ಬ ಹುಡುಗಿ ಆಗಲೇ ಕಥೆ ಪುಸ್ತಕ ಓದುತ್ತಾಳೆ. ಇದು ಡಿಸ್ಲೆಕ್ಸಿಯಾನಾ, ಅಂದರೆ ಓದು ಬರಹ ಕಲಿಯುವುದರಲ್ಲೇ ಇರುವ ತೊಂದರೆಯಾ?

ಸ್ಲೇಟು ಬಳಪ:
ನಾನು 18 ವರ್ಷದಿಂದ ಒಂದು, ಎರಡನೇ ಕ್ಲಾಸಿನ ಮಕ್ಕಳಿಗೇ ಪಾಠ ಮಾಡುತ್ತಿದ್ದೇನೆ. ಮೊದಲು ಆ ಹುಡುಗಿ ಹುಟ್ಟಿದ ತಿಂಗಳು ಯಾವುದು ಕೇಳಿ. ಒಂದೇ ಕ್ಲಾಸಿನಲ್ಲಿ ಎಲ್ಲರಿಗಿಂತ ದೊಡ್ಡ ಮಗುವಿಗೂ ಚಿಕ್ಕ ಮಗುವಿಗೂ ಹೆಚ್ಚುಕಡಿಮೆ 12 ತಿಂಗಳ ಅಂತರ ಇರಬಹುದು. ದೊಡ್ಡವರಿಗೆ ಅದು ಏನೂ ಅಲ್ಲ, ಆರು ವರ್ಷದ ಮಗುವಿಗೆ ಅದು ಇಡೀ ಬದುಕಿನ ಆರನೇ ಒಂದು ಪಾಲು.

ಉಲ್ಟಾ ಬರೆಯುವುದಕ್ಕೆ ಕಾರಣ ಇದೆ. ಕಪ್ಪಿನ ಹಿಡಿ ಎಡಕ್ಕಿದ್ದರೂ ಬಲಕ್ಕಿದ್ದರೂ ಅದು ಕಪ್ಪೇ, ಅಲ್ವಾ? ಮಗುವಿನ ಮಿದುಳು ಅಲ್ಲಿಯವರೆಗೂ ಪ್ರಪಂಚವನ್ನು ನೋಡಿರುವುದು ಹೀಗೇ. ಅಕ್ಷರ, ಅಂಕಿ ಬಂದಾಗ ಮಾತ್ರ ಯಾವ ಕಡೆ ಮುಖ ಅನ್ನುವುದು ಮುಖ್ಯವಾಗುತ್ತದೆ. ಹಳೆಯ ಅಭ್ಯಾಸ ಬಿಡುವುದಕ್ಕೆ ಸಮಯ ಬೇಕು. ಏಳು ವರ್ಷದವರೆಗೂ ಇದು ತುಂಬಾ ಮಕ್ಕಳಲ್ಲಿ ಇರುತ್ತದೆ, ಇದೊಂದರಿಂದಲೇ ಡಿಸ್ಲೆಕ್ಸಿಯಾ ಅನ್ನುವ ಹಾಗಿಲ್ಲ. ಡಿಸ್ಲೆಕ್ಸಿಯಾದಲ್ಲಿ ತೊಂದರೆ ಹೆಚ್ಚಾಗಿ ಇರುವುದು ಸದ್ದಿನಲ್ಲಿ. 'ಮರ'ದ ಮೊದಲ ಸದ್ದು ಯಾವುದು, 'ಮರ'ಕ್ಕೆ ಪ್ರಾಸ ಏನು, ಈ ಅಕ್ಷರಕ್ಕೆ ಯಾವ ಸದ್ದು, ಇಂಥದ್ದರಲ್ಲಿ ಎಷ್ಟು ಹೇಳಿಕೊಟ್ಟರೂ ಎಡವುತ್ತಿದ್ದರೆ ಆಗ ನೋಡಬೇಕು.

ಬೆರಳು ದಯವಿಟ್ಟು ಬಿಡಿಸಬೇಡಿ. "4 ತಲೆಯಲ್ಲಿ ಇಟ್ಕೋ, ಮುಂದೆ ಎಣಿಸು, 5, 6, 7" ಅಂತ ತೋರಿಸಿ. ಒಂದರಿಂದ ಎಣಿಸುವುದು ಬಿಟ್ಟು ಹೀಗೆ ಮುಂದಕ್ಕೆ ಎಣಿಸುವುದೇ ಈ ವಯಸ್ಸಿನ ದೊಡ್ಡ ಹೆಜ್ಜೆ. ಲೆಕ್ಕ ನೆನಪಿಗೆ ಕೂತ ಮೇಲೆ ಬೆರಳು ತಾನಾಗಿ ಬಿಟ್ಟುಹೋಗುತ್ತದೆ. ಮತ್ತೆ, ಎರಡು ಪುಟ ಜಾಸ್ತಿಯಾಯಿತು. ಈ ವಯಸ್ಸಿಗೆ ಮಣಿಕಟ್ಟಿನ ಮೂಳೆಗಳೇ ಪೂರ್ತಿ ಬಲಿತಿರುವುದಿಲ್ಲ. ನಾಲ್ಕು ಸಾಲು ಬರೆಸಿ, ಆಮೇಲೆ ಜೇಡಿಮಣ್ಣು, ಕತ್ತರಿ, ಕಾಗದ ಕೊಡಿ.

ಇಬ್ಬರು ಮಕ್ಕಳ ಅಪ್ಪ:
ತನ್ನಷ್ಟಕ್ಕೆ ಮಾತಾಡುವುದನ್ನು ನಿಲ್ಲಿಸಬೇಡಿ. ಮಕ್ಕಳು ಹೀಗೆ ಮಾತಾಡುವುದನ್ನು ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಪಿಯಾಜೆ ಕೂಡ ಗಮನಿಸಿದ್ದರು, ಅದು ಮಗು ಇನ್ನೂ ತನ್ನ ದೃಷ್ಟಿಯಿಂದಲೇ ಎಲ್ಲ ನೋಡುವುದರ ಗುರುತು ಅಂದುಕೊಂಡರು. ರಷ್ಯಾದ ಮನಶ್ಶಾಸ್ತ್ರಜ್ಞ ವೈಗೋಟ್‌ಸ್ಕಿ ಇದನ್ನು ಒಪ್ಪಲಿಲ್ಲ. ಮಗು ಆ ಮಾತಿನಿಂದ ತನ್ನ ಕೆಲಸಕ್ಕೆ ತಾನೇ ದಾರಿ ತೋರಿಸಿಕೊಳ್ಳುತ್ತದೆ, ಕೆಲಸ ಕಷ್ಟವಾದಷ್ಟೂ ಮಾತು ಹೆಚ್ಚುತ್ತದೆ, ಕ್ರಮೇಣ ಅದೇ ಒಳಗಿಳಿದು ಯೋಚನೆಯಾಗುತ್ತದೆ ಅಂದರು. ಮೊದಲ ಮಗಳಿಗೆ ನಾನು "ಸುಮ್ನೆ ಬರಿ" ಅಂತ ಗದರುತ್ತಿದ್ದೆ. ಅವಳು ಸುಮ್ಮನಾಗುತ್ತಿದ್ದಳು, ಪೆನ್ಸಿಲೂ ನಿಲ್ಲುತ್ತಿತ್ತು. ಅದು ಈಗಲೂ ನೋವು ಕೊಡುತ್ತದೆ. ಎರಡನೆಯವನಿಗೆ ಏನೂ ಅನ್ನಲಿಲ್ಲ, ಎಂಟು ವರ್ಷ ಆಗುವಷ್ಟರಲ್ಲಿ ಮಾತು ಬರೀ ತುಟಿ ಅಲುಗುವಷ್ಟಕ್ಕೆ ಬಂತು.

ನೀಲಿ ಛತ್ರಿ:
ಮೇಲಿನವರು ಹೇಳಿದ್ದು ಸರಿ, ಆದರೆ "ಬೆಳೆದ ಮೇಲೆ ಸರಿಹೋಗುತ್ತದೆ" ಅಂತ ಕೂತುಬಿಡಬೇಡಿ. ನಮಗೂ ಎಲ್ಲರೂ ಹಾಗೇ ಹೇಳಿದ್ದರು. ಕೊನೆಗೆ ನೋಡಿದರೆ ಮಗನಿಗೆ ನೆಗಡಿ ಬಂದುಹೋದ ಮೇಲೆ ಕಿವಿ ತಮಟೆಯ ಹಿಂದೆ ನೀರು ನಿಂತಿತ್ತು, ಅರ್ಧ ಪಾಠ ಅವನಿಗೆ ಕೇಳಿಸುತ್ತಲೇ ಇರಲಿಲ್ಲ. ನನಗೆ ಕೇಳಿಸುತ್ತಿಲ್ಲ ಅಂತ ಮಗು ಹೇಳುವುದಿಲ್ಲ, ಯಾಕೆಂದರೆ ಎಲ್ಲರಿಗೂ ಹೀಗೇ ಕೇಳಿಸುತ್ತದೆ ಅಂದುಕೊಂಡಿರುತ್ತದೆ. ಕಣ್ಣಿಗೂ ಇದೇ ಮಾತು. ಒಮ್ಮೆ ಎರಡನ್ನೂ ಪರೀಕ್ಷೆ ಮಾಡಿಸಿ. ನಿದ್ದೆಯನ್ನೂ ನೋಡಿ, ಈ ವಯಸ್ಸಿಗೆ 9ರಿಂದ 12 ಗಂಟೆ ಬೇಕು.

ಪುಟ್ಟನ ಅಮ್ಮ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಆ ಹುಡುಗಿ ಇವನಿಗಿಂತ 10 ತಿಂಗಳು ದೊಡ್ಡವಳಂತೆ! ಕಿವಿ, ಕಣ್ಣಿನ ಪರೀಕ್ಷೆ ಶನಿವಾರಕ್ಕೆ ಹೇಳಿಟ್ಟಿದ್ದೇನೆ. ಪ್ರಾಸದ ಆಟ ಆಡಿಸಿದೆ, 'ಮರ'ಕ್ಕೆ 'ಬರ', 'ಸರ', 'ದರ' ಅಂತ ಹೇಳುತ್ತಲೇ ಹೋದ. ಇವತ್ತು ನಾಲ್ಕೇ ಸಾಲು ಬರೆಸಿದ್ದು. 4ಕ್ಕೆ 3 ಕೂಡಿಸು ಅಂದಾಗ ಹಣೆ ಮುಟ್ಟಿಕೊಂಡು "ನಾಲ್ಕು ಇಲ್ಲಿದೆ" ಅಂದ, ಮೂರೇ ಬೆರಳು ಮಡಚಿದ. ಟೀಚರ್ ಹತ್ತಿರ ಇದನ್ನೆಲ್ಲ ಹೇಗೆ ಹೇಳಲಿ, ಅವರಿಗೆ ಬೇಜಾರಾಗದ ಹಾಗೆ?

ಸ್ಲೇಟು ಬಳಪ:
ಈಗ ಹೇಳಿದ್ದನ್ನೇ ಹೇಳಿ. ಹಣೆ ಮುಟ್ಟಿಕೊಂಡ ಕಥೆಯಿಂದಲೇ ಶುರು ಮಾಡಿ.