ಒಂದೇ ಕಡತದ ಲೈಬ್ರರಿಯನ್ನು ಒಡೆಯುವುದು, ಬಿಲ್ಡ್ (ಮೂಲ ಕೋಡಿನಿಂದ ಬಳಕೆಯ ಕಡತ ಕಟ್ಟುವ ಕೆಲಸ) ತಾನಾಗಿ ನಡೆಯುವಂತೆ ಮಾಡುವುದು: ತುಮಕೂರು ಜಿಲ್ಲೆಯ ಗುಂಪಿನ ಪ್ರಶ್ನೋತ್ತರ

ತಿಪಟೂರಿನ ಸದಸ್ಯ: ನಮಸ್ಕಾರ ಮೇಡಂ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಪಠ್ಯವನ್ನು ಯೂನಿಕೋಡ್‌ಗೆ ಬದಲಿಸುವ ನಮ್ಮ ಜಾವಾಸ್ಕ್ರಿಪ್ಟ್ ಲೈಬ್ರರಿ ಇಡಿಯಾಗಿ ಒಂದೇ ಕಡತದಲ್ಲಿದೆ. ಮಾಡ್ಯೂಲ್‌ಗಳಾಗಿ ಒಡೆಯಲು ಎಲ್ಲಿಂದ ಆರಂಭಿಸಬೇಕು?

ಬಿಲ್ಡ್ ಎಂಜಿನಿಯರ್: ಕಡತದ ಉದ್ದ ನೋಡಿ ಒಡೆಯಬೇಡಿ, ಯಾವುದು ಯಾವುದನ್ನು ಅವಲಂಬಿಸಿದೆ ಎಂದು ನೋಡಿ ಒಡೆಯಿರಿ. ಅಕ್ಷರಗಳ ಕೋಷ್ಟಕ ಮೊದಲು ಹೊರಬರಲಿ, ಅರ್ಕಾವತ್ತಿನ ಸ್ಥಾನ ಬದಲಿಸುವ ನಿಯಮಗಳು ಅನಂತರ, ವೆಬ್ ಪುಟವನ್ನು ಮುಟ್ಟುವ ಭಾಗ ಕೊನೆಗೆ. ಒಡೆಯುವ ಮೊದಲೇ ಹಳೆಯ ಕಡತ ಕೊಡುವ ಫಲಿತಾಂಶಗಳನ್ನು ಉಳಿಸಿಟ್ಟುಕೊಂಡು, ಪ್ರತಿ ಹಂತದಲ್ಲೂ ಹೋಲಿಸಿ.

ಮಧುಗಿರಿಯ ಸದಸ್ಯ: ಒಡೆಯುವುದೇ ಏಕೆ? ಇಂಟರ್ನೆಟ್ ಇಲ್ಲದ ಶಾಲಾ ಕಂಪ್ಯೂಟರಿನಲ್ಲಿ ಒಂದು ಸ್ಕ್ರಿಪ್ಟ್ ಟ್ಯಾಗ್ ಹಾಕಿದರೆ ಸಾಕು.

ಕುಣಿಗಲ್‌ನ ಸದಸ್ಯ: ಅಣ್ಣ, ಜಾವಾಸ್ಕ್ರಿಪ್ಟ್‌ನ ಅಧಿಕೃತ ಮಾಡ್ಯೂಲ್ ಪದ್ಧತಿಯಾದ ಇಎಸ್ ಮಾಡ್ಯೂಲ್ ಪ್ರಮಾಣಿತವಾದದ್ದು 2015ರಲ್ಲಿ. ಇನ್ನೂ ಹಳೆಯದನ್ನೇ ಹಿಡಿದುಕೊಂಡರೆ ಹೇಗೆ?

ಬಿಲ್ಡ್ ಎಂಜಿನಿಯರ್: ಇಬ್ಬರಿಗೂ ಬೇಕಾದದ್ದು ಸಿಗುತ್ತದೆ. ಮೂಲ ಮಾಡ್ಯೂಲ್‌ಗಳಲ್ಲಿರಲಿ, ರೋಲಪ್ ಎಂಬ ಬಿಲ್ಡ್ ಸಾಧನ ಅದರಿಂದ ಇಎಸ್ ರೂಪವನ್ನೂ ಸ್ಕ್ರಿಪ್ಟ್ ಟ್ಯಾಗ್‌ಗೆ ಒಂದೇ ಕಡತವನ್ನೂ ಕಟ್ಟಿಕೊಡುತ್ತದೆ.

ಗುಬ್ಬಿಯ ಸದಸ್ಯೆ: ಇದು ಬೇರೆ ಗುಂಪಿನಿಂದ ಬಂದದ್ದು: “ಬಿಲ್ಡ್ ಕೆಟ್ಟರೆ ನೋಡ್ ಮಾಡ್ಯೂಲ್ಸ್, ಲಾಕ್ ಕಡತ ಎರಡನ್ನೂ ಅಳಿಸಿ, ಫೋರ್ಸ್ ಹಾಕಿ ಇನ್‌ಸ್ಟಾಲ್ ಮಾಡಿ.”

ಬಿಲ್ಡ್ ಎಂಜಿನಿಯರ್: ದಯವಿಟ್ಟು ಇದನ್ನು ಮುಂದೆ ಕಳುಹಿಸಬೇಡಿ. ಲಾಕ್ ಕಡತ ಎಂದರೆ ನಾವು ಬಳಸುವ ಹೊರಗಿನ ಪ್ಯಾಕೇಜ್‌ಗಳ ನಿಖರ ಆವೃತ್ತಿಗಳ ಪಟ್ಟಿ. ಅದನ್ನು ಅಳಿಸಿದರೆ ನಿನ್ನೆ ಪರೀಕ್ಷಿಸಿದ ಆವೃತ್ತಿಗಳೇ ಇಂದೂ ಬರುತ್ತವೆ ಎಂಬ ಖಾತ್ರಿ ಹೋಗುತ್ತದೆ, ಫೋರ್ಸ್ ಹಾಕಿದರೆ ಹೊಂದಾಣಿಕೆಯ ದೋಷ ಮುಚ್ಚಿಹೋಗುತ್ತದೆ. ಬಿಲ್ಡ್ ನಡೆಯುವ ಸರ್ವರ್‌ನಲ್ಲಿ, ಜಾವಾಸ್ಕ್ರಿಪ್ಟ್ ಪ್ಯಾಕೇಜ್‌ಗಳನ್ನು ಪ್ರಕಟಿಸುವ, ಇಳಿಸಿಕೊಳ್ಳುವ ವ್ಯವಸ್ಥೆಯಾದ ಎನ್‌ಪಿಎಂನ ‘ಎನ್‌ಪಿಎಂ ಸಿಐ’ ಆಜ್ಞೆ ಬಳಸಿ. ಅದು ಇಳಿಸಿಕೊಂಡ ಪ್ಯಾಕೇಜ್‌ಗಳಿರುವ ನೋಡ್ ಮಾಡ್ಯೂಲ್ಸ್ ಫೋಲ್ಡರನ್ನು ತಾನೇ ತೆಗೆದು, ಲಾಕ್ ಕಡತದಲ್ಲಿರುವುದನ್ನಷ್ಟೇ ಹಾಕುತ್ತದೆ, ಪ್ಯಾಕೇಜ್ ಕಡತಕ್ಕೂ ಲಾಕ್‌ಗೂ ತಾಳೆಯಾಗದಿದ್ದರೆ ನಿಂತುಬಿಡುತ್ತದೆ.

ಶಿರಾದ ಸದಸ್ಯ: ಮೇಡಂ, ಹೊರಗಿನವರ ಪುಲ್ ರಿಕ್ವೆಸ್ಟ್ (ತಮ್ಮ ಕೋಡ್ ಸೇರಿಸಿಕೊಳ್ಳಿ ಎಂಬ ಕೋರಿಕೆ) ಬಂದಾಗ, ಗುಪ್ತ ಕೀಲಿಯಾದ ಟೋಕನ್ ಸಿಗದೆ, ಬಿಲ್ಡನ್ನು ತಾನಾಗಿ ನಡೆಸುವ ಗಿಟ್‌ಹಬ್ ಆಕ್ಷನ್ಸ್ ಸೋಲುತ್ತಿತ್ತು. ‘ಪುಲ್ ರಿಕ್ವೆಸ್ಟ್ ಟಾರ್ಗೆಟ್’ ಎಂದು ಬದಲಿಸಿ, ಅವರ ಕೋಡ್ ತಂದು ಬಿಲ್ಡ್ ಮಾಡಿಸಿದೆ. ಈಗ ಸರಿಯಾಗಿದೆ. ಎನ್‌ಪಿಎಂ ಪ್ರಕಟಣೆಯೂ ಅದರಲ್ಲೇ ಇದೆ.

ಬಿಲ್ಡ್ ಎಂಜಿನಿಯರ್: ಇದನ್ನು ಓದಿ ನನಗೆ ಗಾಬರಿಯಾಯಿತು, ಉಳಿದ ಕೆಲಸ ಬಿಟ್ಟು ಮೊದಲು ಆ ಟೋಕನ್ ರದ್ದುಮಾಡಿ. ನೀವು ಆರಿಸಿಕೊಂಡ ಈ ವಿಧಾನ ನಿಮ್ಮ ಮೂಲ ಕೋಡ್ ಭಂಡಾರದ ಅಧಿಕಾರದಲ್ಲಿ, ನಿಮ್ಮ ಗುಪ್ತ ಕೀಲಿಗಳು ಕೈಗೆಟುಕುವಂತೆ ಓಡುತ್ತದೆ. ಅಲ್ಲಿ ಅಪರಿಚಿತರ ಕೋಡ್ ತಂದು ಇನ್‌ಸ್ಟಾಲ್ ಮಾಡಿದರೆ, ಅವರ ಪ್ಯಾಕೇಜ್ ಕಡತದಲ್ಲಿರುವ, ಇನ್‌ಸ್ಟಾಲ್ ಆದೊಡನೆ ತಾನಾಗಿ ಓಡುವ ‘ಪೋಸ್ಟ್‌ಇನ್‌ಸ್ಟಾಲ್’ ಎಂಬ ಒಂದೇ ಸಾಲು ಆ ಕೀಲಿಗಳನ್ನು ಹೊರಗೆ ಕಳುಹಿಸಬಲ್ಲದು. ನೀವು ಆ ಕೋಡನ್ನು ಒಪ್ಪಿ ಸೇರಿಸಿಕೊಳ್ಳುವುದೂ ಬೇಕಿಲ್ಲ, ಅವರು ಪುಲ್ ರಿಕ್ವೆಸ್ಟ್ ತೆರೆದರೆ ಸಾಕು. 2025ರ ಆಗಸ್ಟ್‌ನಲ್ಲಿ ಎನ್‌ಎಕ್ಸ್ ಎಂಬ ಬಿಲ್ಡ್ ಸಾಧನದ ಎನ್‌ಪಿಎಂ ಟೋಕನ್ ಕಳುವಾಗಿ, ಅದರ ಹೆಸರಿನಲ್ಲೇ ದುರುದ್ದೇಶದ ಆವೃತ್ತಿಗಳು ಪ್ರಕಟವಾದವು. ಅಲ್ಲಿಯೂ ಇದೇ ವಿಧಾನವಿತ್ತು, ಪುಲ್ ರಿಕ್ವೆಸ್ಟ್‌ನ ಶೀರ್ಷಿಕೆಯ ಮೂಲಕವೇ ಆಜ್ಞೆ ಒಳನುಗ್ಗಿತ್ತು. ಪರೀಕ್ಷೆ ಸಾಮಾನ್ಯ ‘ಪುಲ್ ರಿಕ್ವೆಸ್ಟ್’ನಲ್ಲಿ, ಕೀಲಿಯಿಲ್ಲದೆ ನಡೆಯಲಿ. ಪ್ರಕಟಣೆ ಬೇರೆ ಕಡತದಲ್ಲಿ, ನೀವು ಆವೃತ್ತಿಯ ಗುರುತಾಗಿ ಟ್ಯಾಗ್ ಹಾಕಿದಾಗ ಮಾತ್ರ ನಡೆಯಲಿ. ಪ್ರಕಟಣೆಯ ಹೊತ್ತಿಗಷ್ಟೇ ಅಲ್ಪಕಾಲದ ಕೀಲಿ ಕೊಡುವ ಎನ್‌ಪಿಎಂನ ಟ್ರಸ್ಟೆಡ್ ಪಬ್ಲಿಷಿಂಗ್ ಬಳಸಿದರೆ ದೀರ್ಘಕಾಲದ ಟೋಕನ್ ಇಟ್ಟುಕೊಳ್ಳುವ ಅಗತ್ಯವೇ ಇಲ್ಲ.

ಕೊರಟಗೆರೆಯ ಸದಸ್ಯೆ: ಟೈಪ್‌ಸ್ಕ್ರಿಪ್ಟ್ ವಿವರಣೆಗಳನ್ನು ಪ್ರತ್ಯೇಕ ಪ್ಯಾಕೇಜ್ ಮಾಡಬೇಕೆ ಮೇಡಂ?

ಮಧುಗಿರಿಯ ಸದಸ್ಯ: ನೋಡಿದಿರಾ? ಒಂದೇ ಕಡತ ಇದ್ದಾಗ ಈ ತಲೆನೋವೇ ಇರಲಿಲ್ಲ.

ಕುಣಿಗಲ್‌ನ ಸದಸ್ಯ: ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಒಂದೇ ಕಡತವಿದ್ದರೂ ಟೋಕನ್ ಕಳುವಾಗುತ್ತದೆ. ಓದಿ ಬರೆಯಿರಿ.

ಮಧುಗಿರಿಯ ಸದಸ್ಯ: ನನಗೆ ಓದಲು ನೀವು ಕಲಿಸಬೇಕಾಗಿಲ್ಲ.

ಪಾವಗಡದ ಸದಸ್ಯ: ನಮ್ಮದೂ ಸರ್ವರ್‌ನಲ್ಲಿ ಮಾತ್ರ ಕೆಡುತ್ತದೆ. ಲಾಕ್ ಕಡತ ಅಳಿಸಲೇ?

ಬಿಲ್ಡ್ ಎಂಜಿನಿಯರ್: ಬೇಡ. ಮೇಲೆ ಬರೆದಿದ್ದೇನೆ.

ಚಿಕ್ಕನಾಯಕನಹಳ್ಳಿಯ ಸದಸ್ಯ: ಫೋರ್ಸ್ ಹಾಕಿದರೆ ನನಗೆ ಸರಿಹೋಗಿದೆಯಲ್ಲ?

ಬಿಲ್ಡ್ ಎಂಜಿನಿಯರ್: ದೋಷ ಕಾಣದಾಗಿದೆ, ಸರಿಹೋಗಿಲ್ಲ. ಈ ಪ್ರಶ್ನೆಗೆ ಇನ್ನು ಉತ್ತರಿಸುವುದಿಲ್ಲ.

ಶಿರಾದ ಸದಸ್ಯ: ಟೋಕನ್ ರದ್ದು ಮಾಡಿದೆ ಮೇಡಂ. ಹಳೆಯ ಪುಲ್ ರಿಕ್ವೆಸ್ಟ್ ಒಂದರಲ್ಲಿ ನಾವು ಬರೆಯದ ಪೋಸ್ಟ್‌ಇನ್‌ಸ್ಟಾಲ್ ಸಾಲು ಕಾಣುತ್ತಿದೆ.

ಬಿಲ್ಡ್ ಎಂಜಿನಿಯರ್: ಅದನ್ನು ಅಳಿಸಬೇಡಿ, ಆಗ ಓಡಿದ ಬಿಲ್ಡ್‌ನ ಲಾಗ್ (ದಾಖಲೆ) ಉಳಿಸಿಕೊಳ್ಳಿ. ಆ ದಿನದಿಂದ ಈಚೆಗೆ ಎನ್‌ಪಿಎಂನಲ್ಲಿ ಪ್ರಕಟವಾದ ಪ್ರತಿ ಆವೃತ್ತಿಯನ್ನೂ ಇಳಿಸಿಕೊಂಡು, ಅದೇ ಟ್ಯಾಗ್‌ನಿಂದ ನಿಮ್ಮಲ್ಲೇ ಬಿಲ್ಡ್ ಮಾಡಿ ಹೋಲಿಸಿ. ಆ ಬಿಲ್ಡ್‌ಗೆ ಎಟುಕುತ್ತಿದ್ದ ಬೇರೆ ಕೀಲಿಗಳಿದ್ದರೆ ಅವನ್ನೂ ಈಗಲೇ ಬದಲಿಸಿ. ವ್ಯತ್ಯಾಸ ಕಂಡರೆ ಬಳಕೆದಾರರಿಗೆ ಇಂದೇ ತಿಳಿಸಿ, ನನಗೂ ಫೋನ್ ಮಾಡಿ.