ಉಸಿರಾಟದಿಂದ ಹೊಟ್ಟೆ ಕರಗುತ್ತಾ? ಫಿಸಿಯೋ ಮೇಡಂ ಹತ್ರ ಕೇಳಿದ ಪ್ರಶ್ನೆಗಳು

ಪ್ರಶ್ನೆ (ಸುಂಟಿಕೊಪ್ಪ, ಹೆಸ್ರು ಹಾಕ್ಬೇಡಿ ಅಂದಿದ್ದಾರೆ):
ಮೇಡಂ ನಮಸ್ತೆ, ನಂಗೆ 43 ವರ್ಷ, ತೂಕ 78 ಕೆಜಿ, ಎತ್ತರ ಐದಡಿ ಎರಡಿಂಚು. ಎರಡ್ನೇ ಮಗು ಆದ್ಮೇಲೆ ಬಂದ ಹೊಟ್ಟೆ ಹೋಗ್ಲೇ ಇಲ್ಲ. ವಾಟ್ಸಾಪಲ್ಲಿ ಒಂದು ವಿಡಿಯೋ ಬಂತು, ದಿನಾ ಹತ್ತು ನಿಮಿಷ ಜೋರಾಗಿ ಉಸಿರು ಎಳ್ದು ಬಿಟ್ರೆ ಸಾಕು ಕೊಬ್ಬೆಲ್ಲ ಉಸಿರಲ್ಲೇ ಹೊರಗೆ ಹೋಗುತ್ತೆ, ಪಥ್ಯನೂ ಬೇಡ ವಾಕಿಂಗೂ ಬೇಡ ಅಂತ. ವಿಜ್ಞಾನಿಗಳೇ ಹೇಳಿದ್ದಾರಂತೆ. ಶುರು ಮಾಡಿದೀನಿ, ಆದ್ರೆ ಎರಡು ಮೂರು ನಿಮಿಷಕ್ಕೇ ತಲೆ ತಿರುಗುತ್ತೆ, ಬೆರಳ ತುದಿ ಜುಮ್ ಜುಮ್ ಅನ್ನುತ್ತೆ. ಇದು ಕೊಬ್ಬು ಕರಗ್ತಿರೋ ಲಕ್ಷಣನಾ? ಬಿಪಿ ಬಾರ್ಡರಲ್ಲಿದೆ ಅಂದಿದ್ದಾರೆ, ಮಾತ್ರೆ ಶುರು ಮಾಡಿಲ್ಲ.

ಉತ್ತರ (ಫಿಸಿಯೋಥೆರಪಿಸ್ಟ್, ಮಡಿಕೇರಿ):
ಅಕ್ಕ, ಮೊದ್ಲು ಆ ಜೋರಾಗಿ ಎಳ್ದು ಬಿಡೋದನ್ನ ಇವತ್ತೇ ನಿಲ್ಸಿ. ತಲೆ ತಿರುಗೋದು ಕೊಬ್ಬು ಕರಗೋ ಲಕ್ಷಣ ಅಲ್ವೇ ಅಲ್ಲ. ಸುಮ್ನೆ ಕೂತ್ಕೊಂಡು ಬೇಕಾದ್ದಕ್ಕಿಂತ ಜಾಸ್ತಿ ಉಸಿರಾಡಿದ್ರೆ ರಕ್ತದಲ್ಲಿರೋ ಕಾರ್ಬನ್ ಡೈಆಕ್ಸೈಡ್ ತೀರಾ ಕಮ್ಮಿ ಆಗುತ್ತೆ, ಆಗ ಮಿದುಳಿನ ರಕ್ತನಾಳ ಸಂಕುಚಿತ ಆಗಿ ತಲೆ ತಿರುಗುತ್ತೆ, ಬೆರಳು ತುಟಿ ಎಲ್ಲ ಜುಮ್ ಅನ್ನೋದೂ ಅದ್ರಿಂದಾನೇ. ಜೋರಾಗಿ ಉಸಿರಾಡಿದ್ರೆ ಆಕ್ಸಿಜನ್ ಜಾಸ್ತಿ ಸಿಗುತ್ತೆ ಅಂತ ಕೆಲವ್ರು ಅಂದ್ಕೊಳ್ತಾರೆ, ಅದೂ ನಿಜ ಅಲ್ಲ. ಕೊರೊನಾ ಟೈಮಲ್ಲಿ ಮನೆಮನೆಗೂ ಆಕ್ಸಿಮೀಟರ್ ಬಂತಲ್ಲ, ಆರೋಗ್ಯವಾಗಿರೋರು ಬೆರಳಿಟ್ರೆ ಸುಮ್ನೆ ಕೂತಾಗ್ಲೇ ರಕ್ತದ ಆಕ್ಸಿಜನ್ ನೂರಕ್ಕೆ 97, 98 ತೋರಿಸ್ತಿತ್ತು, ಅದ್ರ ಮೇಲೆ ಇನ್ನೆಷ್ಟು ತುಂಬಕ್ಕಾಗುತ್ತೆ ಹೇಳಿ.

ಆದ್ರೆ ಆ ವಿಡಿಯೋದಲ್ಲಿ ಒಂದು ಮಾತು ನಿಜ ಇದೆ, ಅದಕ್ಕೇ ಜನ ನಂಬೋದು. ಕೊಬ್ಬು ಹೊರಗೆ ಹೋಗೋದು ಹೆಚ್ಚಾಗಿ ಉಸಿರಲ್ಲೇ. 2014ರಲ್ಲಿ ಆಸ್ಟ್ರೇಲಿಯಾದ ಇಬ್ರು, ರೂಬೆನ್ ಮೀರ್ಮನ್ ಮತ್ತೆ ಆಂಡ್ರ್ಯೂ ಬ್ರೌನ್ ಅಂತ, ಬ್ರಿಟಿಷ್ ಮೆಡಿಕಲ್ ಜರ್ನಲ್ಲಲ್ಲಿ ಲೆಕ್ಕ ಹಾಕಿ ತೋರ್ಸಿದ್ರು. 10 ಕೆಜಿ ಕೊಬ್ಬು ಪೂರ್ತಿ ಕರಗಿದ್ರೆ ಅದ್ರಲ್ಲಿ 8.4 ಕೆಜಿ ಕಾರ್ಬನ್ ಡೈಆಕ್ಸೈಡ್ ಆಗಿ ಶ್ವಾಸಕೋಶದಿಂದ ಹೋಗುತ್ತೆ, ಉಳಿದ 1.6 ಕೆಜಿ ನೀರಾಗಿ ಮೂತ್ರ ಬೆವರು ಹೀಗೆ ಹೋಗುತ್ತೆ. ವಿಡಿಯೋದವರು ಅಲ್ಲಿಗೇ ಬಿಟ್ಟಿದ್ದಾರೆ. ಬೇಕಾದ್ದಕ್ಕಿಂತ ಜಾಸ್ತಿ ಉಸಿರಾಡಿದ್ರೆ ತೂಕ ಇಳಿಯಲ್ಲ, ತಲೆ ಸುತ್ತುತ್ತೆ ಅಂತ ಅದೇ ಇಬ್ರು ಹೇಳಿದ್ದಾರೆ ನೋಡಿ. ಮೊದ್ಲು ಸ್ನಾಯು ಕೆಲ್ಸ ಮಾಡ್ಬೇಕು, ಅದಕ್ಕೆ ಶಕ್ತಿ ಬೇಕಾದಾಗ ಕೊಬ್ಬು ಉರೀಬೇಕು, ಆಮೇಲೆ ಗಾಳಿ ಹೊರಗೆ. ಜೀಪು ಏರು ಹತ್ತುವಾಗ ಹೊಗೆ ಜಾಸ್ತಿ ಬಿಡುತ್ತೆ, ಹಂಗಂತ ಹೊಗೆ ಜಾಸ್ತಿ ಬಿಟ್ಟಿದ್ದಕ್ಕೆ ಜೀಪು ಏರು ಹತ್ತಲ್ವಲ್ಲ.

ಹಂಗಾದ್ರೆ ಉಸಿರಾಟ ಬಿಡಿ ಅಂತಿಲ್ಲ ಅಕ್ಕ. ದಿನಾ ಮಾಡಿ, ಆದ್ರೆ ನಿಧಾನದ್ದು. ನಾವು ಸಾಮಾನ್ಯವಾಗಿ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡ್ತೀವಿ. ಅದನ್ನ ನಿಮಿಷಕ್ಕೆ 6ರ ಹತ್ರ ತಂದ್ರೆ ಹೃದಯದ ಬಡಿತ ಶಾಂತ ಆಗುತ್ತೆ, ದಿನಾ ಮಾಡೋರಿಗೆ ಬಿಪಿ ಸ್ವಲ್ಪ ಇಳಿಯುತ್ತೆ. ಸ್ವಲ್ಪಾನೇ, ಮಾತ್ರೆ ಬದ್ಲಿಗೆ ಅಲ್ಲ. ತೂಕಕ್ಕೆ ಇದು ಸಹಾಯ ಮಾಡೋದು ಸುತ್ತು ದಾರಿಯಲ್ಲಿ. ಸಂಜೆ ಕೆಲ್ಸ ಎಲ್ಲ ಮುಗ್ದು ತಲೆ ಬಿಸಿ ಇದ್ದಾಗ ಹಸಿವಿಲ್ದೇ ಇದ್ರೂ ಡಬ್ಬಿಗೆ ಕೈ ಹೋಗುತ್ತಲ್ಲ, ಚಕ್ಲಿ ಮಿಕ್ಸ್ಚರ್ ಅಂತ, ಆ ಹೊತ್ತಲ್ಲಿ ಐದು ನಿಮಿಷ ಕೂತು ಉಸಿರು ನಿಧಾನ ಮಾಡಿದ್ರೆ ಎಷ್ಟೋ ಜನಕ್ಕೆ ಆ ಚಪಲ ಇಳಿಯುತ್ತೆ, ನಮ್ಮಲ್ಲಿ ಬರೋರೇ ಹೇಳ್ತಾರೆ. ರಾತ್ರಿ ಮಾಡಿದ್ರೆ ನಿದ್ದೆ ಬೇಗ ಹತ್ತುತ್ತೆ, ನಿದ್ದೆ ಕೆಟ್ರೆ ಮಾರ್ನೇ ದಿನ ಹಸಿವು ಜಾಸ್ತಿ ಅನ್ನೋದು ಎಲ್ರಿಗೂ ಅನುಭವ ಇರೋದೇ.

ಮಾಡೋದು ಹೀಗೆ. ಚಾಪೆ ಮೇಲೆ ಅಂಗಾತ ಮಲಗಿ, ಮಂಡಿ ಮಡಚಿ ಪಾದ ನೆಲಕ್ಕೆ ಊರಿ. ಒಂದು ಕೈ ಎದೆ ಮೇಲೆ, ಇನ್ನೊಂದು ಹೊಕ್ಕಳ ಮೇಲೆ. ಮೂಗಲ್ಲಿ ಮೆಲ್ಲಗೆ ಎಳ್ಕೊಳ್ಳಿ, ಮನಸ್ಸಲ್ಲೇ ನಾಲ್ಕರ ತನಕ ಎಣಿಸಿ, ಹೊಕ್ಕಳ ಮೇಲಿನ ಕೈ ಏಳ್ಬೇಕು, ಎದೆ ಮೇಲಿನ ಕೈ ಹೆಚ್ಚುಕಮ್ಮಿ ಸುಮ್ನಿರ್ಬೇಕು. ಎದೆ ಕೈ ಎದ್ದು ಭುಜ ಕಿವಿ ಹತ್ರ ಹೋಗ್ತಿದ್ರೆ ನೀವು ಎಳೀತಿರೋದು ಜಾಸ್ತಿ ಆಯ್ತು ಅಂತ. ಬಿಡುವಾಗ ಆರರ ತನಕ ಎಣಿಸಿ, ಬಿಡೋದು ಯಾವಾಗ್ಲೂ ಎಳೆಯೋದಕ್ಕಿಂತ ಉದ್ದ ಇರ್ಬೇಕು, ಶಬ್ದ ಬರ್ಬಾರ್ದು. ಹಿಡ್ಕೊಳ್ಳೋದು ಬೇಡ. ಶುರುಗೆ ಐದು ನಿಮಿಷ ಸಾಕು, ಅಭ್ಯಾಸ ಆದ್ಮೇಲೆ ಕೂತ್ಕೊಂಡು ಮಾಡಿ. ತಲೆ ಹಗುರ ಅನ್ಸಿದ್ರೆ ಬಿಟ್ಬಿಟ್ಟು ಮಾಮೂಲಿ ಉಸಿರಾಡಿ. ಊಟ ಆದ ತಕ್ಷಣ ಮಾಡ್ಬೇಡಿ.

ಪ್ರಶ್ನೆ (ನಾಪೋಕ್ಲು):
ಮೇಡಂ ಇದನ್ನ ನಮ್ಮವ್ವಂಗೆ ಹೇಳ್ಕೊಡ್ಬಹುದಾ? 68 ವರ್ಷ, ಬೀಡಿ ಸಿಗರೇಟ್ ಏನೂ ಇಲ್ಲ, ಆದ್ರೆ ಜೀವನ ಪೂರ್ತಿ ಸೌದೆ ಒಲೆ ಮುಂದೆನೇ. ಈಗ ಅಂಗಳದಿಂದ ಮೆಟ್ಲು ಹತ್ತಿದ್ರೂ ಏದುಸಿರು.

ಉತ್ತರ:
ಅಣ್ಣ, ಮೊದ್ಲು ಅವ್ವನ್ನ ಡಾಕ್ಟ್ರಿಗೆ ತೋರ್ಸಿ, ವಯಸ್ಸಾಯ್ತು ಅಂತ ಬಿಡ್ಬೇಡಿ. ಬೀಡಿ ಮುಟ್ಟದೇ ಇರೋ ಹೆಂಗಸ್ರಿಗೂ ಸೌದೆ ಹೊಗೆಯಿಂದಾನೇ ಶ್ವಾಸನಾಳ ಕಿರಿದಾಗೋ ಕಾಯಿಲೆ ಬರುತ್ತೆ, ಸಿಒಪಿಡಿ ಅಂತಾರೆ. ಸ್ಪೈರೋಮೆಟ್ರಿ ಅಂತ ಒಂದು ಟೆಸ್ಟಿದೆ, ಮೆಷಿನ್ನಿಗೆ ಜೋರಾಗಿ ಊದ್ಸ್ತಾರೆ, ಅದ್ರಲ್ಲಿ ಗೊತ್ತಾಗುತ್ತೆ. ಹೃದಯನೂ ಒಂದ್ಸಲ ನೋಡ್ಸಿ, ಮೆಟ್ಲು ಹತ್ತುವಾಗ ಏದುಸಿರು ಬರಕ್ಕೆ ಅದೂ ಕಾರಣ ಇರ್ಬಹುದು. ಕಾಲು ಊದ್ಕೊಂಡಿದ್ರೆ, ರಾತ್ರಿ ಉಸಿರು ಕಟ್ಟಿ ಎದ್ದು ಕೂರ್ತಿದ್ರೆ ಕಾಯ್ಬೇಡಿ, ಬೇಗ ಕರ್ಕೊಂಡ್ಹೋಗಿ.

ಅಂಥೋರಿಗೆ ನಾವು ಹೇಳ್ಕೊಡೋದು ಬೇರೆ ಥರ, ಮೂಗಲ್ಲಿ ಎರಡು ಎಣಿಕೆ ಎಳ್ಕೊಂಡು ಸೀಟಿ ಹೊಡಿಯೋ ಥರ ತುಟಿ ಕೂಡ್ಸಿ ನಾಲ್ಕು ಎಣಿಕೆ ಮೆಲ್ಲಗೆ ಬಿಡೋದು. ಮೆಟ್ಲು ಹತ್ತುವಾಗ ಕಾಲೆತ್ತಿ ಇಡೋ ಹೊತ್ತಲ್ಲೇ ಉಸಿರು ಬಿಡ್ಬೇಕು, ಹಿಡ್ಕೊಂಡು ಹತ್ಬಾರ್ದು. ಇನ್ಹೇಲರ್ ಕೊಟ್ರೆ ದಯವಿಟ್ಟು ಅಭ್ಯಾಸ ಆಗ್ಬಿಡುತ್ತೆ ಅಂತ ನಿಲ್ಸ್ಬೇಡಿ. ಒಲೆ ಗ್ಯಾಸಿಗೆ ಬದ್ಲಾಯ್ಸಿ, ಸ್ನಾನದ ನೀರಿನ ಒಲೆ ಹತ್ರನೂ ಅವರನ್ನ ಕೂರ್ಸ್ಬೇಡಿ. ಮಳೆಗಾಲದಲ್ಲಿ ಬಾಗ್ಲು ಕಿಟಕಿ ಮುಚ್ಚಿ ಬಿಸಿಗೆ ಅಂತ ಅದರ ಮುಂದೇನೇ ಕೂರ್ತಾರೆ ನಮ್ಮ ಕಡೆ ಹಿರಿಯರು, ಶ್ವಾಸಕೋಶ ಹಾಳಾಗೋದು ಅಲ್ಲೇ.

ಪ್ರಶ್ನೆ (ಗೋಣಿಕೊಪ್ಪ):
ಗೊರಕೆಗೆ ಆಗುತ್ತಾ ಮೇಡಂ? ನಂಗೆ 35, ತೂಕ 96. ಹಗಲೂ ತೂಕಡಿಕೆ. ಕಪಾಲಭಾತಿ ಮಾಡು ಅಂತಾರೆ ಫ್ರೆಂಡ್ಸು.

ಉತ್ತರ:
ಗೊರಕೆ ಜೊತೆ ಹಗಲು ತೂಕಡಿಕೆ ಅಂದ್ರೆ ನಿದ್ದೆಯಲ್ಲಿ ಉಸಿರು ನಿಂತು ನಿಂತು ಹೋಗೋ ತೊಂದ್ರೆ, ಸ್ಲೀಪ್ ಅಪ್ನಿಯಾ, ಇರ್ಬಹುದು. ಉಸಿರಾಟದ ಅಭ್ಯಾಸಕ್ಕೆ ಹೋಗಲ್ಲ, ನಿದ್ದೆ ಟೆಸ್ಟ್ ಮಾಡ್ಸಿ. ನಿಂತು ನಿಂತು ಹೋಗೋದನ್ನ ಪಕ್ಕದಲ್ಲಿ ಮಲಗೋರು ನೋಡಿದ್ದಾರಾ ಕೇಳಿ, ಅದನ್ನ ಡಾಕ್ಟ್ರಿಗೆ ಹೇಳಿ. ಅಲ್ಲಿ ತನಕ ಘಾಟಿ ರೋಡಲ್ಲಿ ರಾತ್ರಿ ಡ್ರೈವಿಂಗ್ ಬೇಡ. ಬಿಪಿ ಚೆಕ್ ಮಾಡ್ಸದೇ ಕಪಾಲಭಾತಿನೂ ಬೇಡ.

ಪ್ರಶ್ನೆ (ಮತ್ತೆ ಸುಂಟಿಕೊಪ್ಪ):
ಥ್ಯಾಂಕ್ಸ್ ಮೇಡಂ, ನಿನ್ನೆ ನೀವು ಹೇಳ್ದಂಗೆ ಮಾಡ್ದೆ, ತಲೆ ಸುತ್ತಲಿಲ್ಲ. ಆದ್ರೆ ಹೊಟ್ಟೆಗೆ ಏನ್ ಮಾಡ್ಲಿ? ಈ ಮಳೆಯಲ್ಲಿ ವಾಕಿಂಗ್ ಹೆಂಗೆ ಹೋಗೋದು?

ಉತ್ತರ:
ಖುಷಿ ಆಯ್ತು ಅಕ್ಕ. ಟೇಪ್ ತಗೊಂಡು ಸೊಂಟದ ಸುತ್ತಳತೆ ನೋಡಿ, ನಮ್ಮ ದೇಶದ ಹೆಂಗಸ್ರಿಗೆ 80 ಸೆಂಟಿಮೀಟರ್ ದಾಟಿದ್ರೆ ಶುಗರ್, ಹೃದಯದ ಅಪಾಯ ಜಾಸ್ತಿ. ತೂಕಕ್ಕಿಂತ ಅದನ್ನೇ ತಿಂಗ್ಳಿಗೊಂದ್ಸಲ ಅಳೀರಿ.

ಊಟದಲ್ಲಿ ನಾನು ಮೊದ್ಲು ಕೇಳೋದು ಕಾಫಿ. ದಿನಕ್ಕೆ ನಾಲ್ಕು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ ಅಂದ್ರೆ 160 ಕ್ಯಾಲೋರಿ ಅಲ್ಲೇ ಬಂತು, ನಿಮ್ಮ ತೂಕದೋರು ಅರ್ಧ ಗಂಟೆ ನಡೆದ್ರೂ ಅಷ್ಟು ಖರ್ಚಾಗಲ್ಲ. ಬೆಲ್ಲದ ಕಾಫಿ ಒಳ್ಳೇದು ಅಂತ ನಮ್ಮಲ್ಲಿ ಎಲ್ರೂ ಹೇಳ್ತಾರೆ, ಕ್ಯಾಲೋರಿ ಲೆಕ್ಕದಲ್ಲಿ ಬೆಲ್ಲನೂ ಸಕ್ಕರೆನೂ ಹತ್ತಿರ ಹತ್ತಿರ ಒಂದೇ. ಕಾಫಿ ಬಿಡ್ಬೇಡಿ, ಸಿಹಿ ಅರ್ಧ ಮಾಡಿ. ಅಕ್ಕಿ ರೊಟ್ಟಿ, ಕಡಂಬುಟ್ಟು ಎಲ್ಲ ತಿನ್ನಿ, ಎರಡ್ನೇ ಸಲ ಬಡಿಸ್ಕೊಳ್ಳೋದಕ್ಕಿಂತ ಮುಂಚೆ ಹತ್ತು ನಿಮಿಷ ಕಾಯಿರಿ, ಪಲ್ಯ ಕಾಳು ಜಾಸ್ತಿ ಹಾಕ್ಕೊಳ್ಳಿ.

ಮಳೆ ಬಂದ್ರೆ ಜಗಲಿಯಲ್ಲೇ ಅತ್ತಿಂದಿತ್ತ ನಡೀರಿ, ಮಾತಾಡಕ್ಕಾಗ್ಬೇಕು ಆದ್ರೆ ಹಾಡಕ್ಕೆ ಆಗ್ಬಾರ್ದು ಅಷ್ಟು ಬೇಗ. ವಾರಕ್ಕೆ 150 ನಿಮಿಷ ಆದ್ರೆ ಸಾಕು, ಹತ್ತತ್ತು ನಿಮಿಷ ಬಿಡಿಬಿಡಿಯಾಗಿ ಆದ್ರೂ ಪರ್ವಾಗಿಲ್ಲ. ಕುರ್ಚಿಯಿಂದ ಕೈ ಊರದೇ ಎದ್ದು ಕೂರೋದು ಹತ್ತು ಸಲ ಮಾಡಿ, ಏಳುವಾಗ ಉಸಿರು ಬಿಡಿ. ಎರಡು ಮಗು ಆದ ಹೊಟ್ಟೆಯಲ್ಲಿ ನಡುವಿನ ಸ್ನಾಯು ಬಿರಿದಿರೋದೂ ಉಂಟು, ಮಲಗಿ ತಲೆ ಎತ್ತಿದಾಗ ಹೊಕ್ಕಳ ಹತ್ರ ಉಬ್ಬು ಬಂದ್ರೆ ಕ್ರಂಚಸ್ (ಮಲಗಿ ತಲೆ ಭುಜ ಎತ್ತೋ ಹೊಟ್ಟೆ ವ್ಯಾಯಾಮ) ಮಾಡ್ಬೇಡಿ, ಒಂದ್ಸಲ ಬಂದು ತೋರ್ಸಿ, ಅದಕ್ಕೆ ಬೇರೆ ವ್ಯಾಯಾಮ ಇದೆ.

ಬಿಪಿನ ವಾರಕ್ಕೆರಡು ಸಲ, ಐದು ನಿಮಿಷ ಸುಮ್ನೆ ಕೂತ ಮೇಲೆ ನೋಡ್ಸಿ ಬರ್ದಿಟ್ಕೊಳ್ಳಿ. 140/90 ಮತ್ತೆ ಮತ್ತೆ ಬಂದ್ರೆ ಉಸಿರಾಟ ಮಾಡ್ತಿದೀನಲ್ಲ ಅಂತ ಕಾಯ್ಬೇಡಿ, ಆ ಚೀಟಿ ಹಿಡ್ಕೊಂಡು ಡಾಕ್ಟ್ರ ಹತ್ರ ಹೋಗಿ.