ಗಾಡಿಮನೆಗೆ ಒಂದು ಬ್ಯಾಟರಿಯೋ ಎರಡೋ?

ನಮ್ಮ ಕುಟುಂಬದ ಐದು ಮನೆಯವರು ಸೇರಿ ತೆಗೆದುಕೊಂಡ ಟ್ರೈಲರ್ ಬದಿಯಡ್ಕದ ನಮ್ಮ ಅಂಗಳದಲ್ಲಿ ನಿಲ್ಲುತ್ತದೆ. ಜೀಪಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವಂಥದ್ದು. ಒಳಗೆ ಮಂಚ, ಫ್ರಿಜ್ಜು, ನೀರಿನ ಪಂಪು ಎಲ್ಲ ಉಂಟು. ಬೀಗದ ಕೈ ನನ್ನ ಹತ್ತಿರ, ಬೈಗುಳವೂ ನನಗೇ. ಚೌತಿ ಕಳೆದ ಮೇಲೆ ಒಂದು ರಾತ್ರಿ ಗುಂಪಿನಲ್ಲಿ ನಡೆದದ್ದು ಇದು. ಫೋನಿನಲ್ಲಿ ನಾನು ಎಲ್ಲರನ್ನೂ ಊರಿನ ಹೆಸರಲ್ಲೇ ಸೇವ್ ಮಾಡಿದ್ದೇನೆ.

ನಾನು: ನವರಾತ್ರಿಗೆ ಮಡಿಕೇರಿಗೆ ಹೋಗಲು ಗಾಡಿಮನೆ ಬೇಕು ಅಂದವರು ಸ್ವಲ್ಪ ಕೇಳಿ. ಶನಿವಾರ ಬಾಗಿಲು ತೆಗೆದೆ. ಲೈಟಿಲ್ಲ, ಪಂಪಿಲ್ಲ. ಬ್ಯಾಟರಿ ಪೆಟ್ಟಿಗೆಯ ಮುಚ್ಚಳ ತೆಗೆದರೆ ವಯರಿನ ತುದಿಯಲ್ಲಿ ನೀಲಿ ಹುಡಿ, ಮೈಲುತುತ್ತು ಚೆಲ್ಲಿದ ಹಾಗೆ.

ಪೆರ್ಲ ಮಾವ: ಹಾಗೆ ಅಲ್ಲ, ಅದು ಮೈಲುತುತ್ತೇ. ತಾಮ್ರಕ್ಕೆ ಬ್ಯಾಟರಿಯ ಆಸಿಡ್ ತಾಗಿದರೆ ಅದೇ ಆಗುವುದು. ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆ, ಒಣಗಿಸಿ ವ್ಯಾಸಲೀನ್ ಹಚ್ಚು. ಸರಿಯಾಗುತ್ತದೆ.

ನಾನು: ತೊಳೆದಾಯಿತು ಮಾವ. ಒಳಗಿನ ಎರಡು ಬ್ಯಾಟರಿಯೂ ಒಟ್ಟಿಗೆ ಕಟ್ಟಿದ್ದರೆ ಮೀಟರಿನಲ್ಲಿ ಒಂದೇ ಅಂಕೆ ತೋರಿಸುತ್ತದೆ. ಅದಕ್ಕೆ ಬಿಚ್ಚಿ ಬೇರೆ ಬೇರೆ ಚಾರ್ಜಿಗೆ ಹಾಕಿದೆ. ಚಾರ್ಜು ತೆಗೆದು ಅರ್ಧ ದಿನ ಬಿಟ್ಟು ನೋಡಿದರೆ ಒಂದು 12.5, ಇನ್ನೊಂದು 10.4 ವೋಲ್ಟು.

ನೀರ್ಚಾಲು ಅಣ್ಣ: 10.4 ಅಂದರೆ ಒಂದು ಸೆಲ್ ಢಮಾರ್. ಒಂದು ಬ್ಯಾಟರಿಯೊಳಗೆ ಆರು ಸೆಲ್ ಇರುವುದು, ಒಂದೊಂದಕ್ಕೆ 2.1 ವೋಲ್ಟು. ಒಂದು ಕಳೆದರೆ ಅಷ್ಟೇ ಉಳಿಯುವುದು.

ಪೆರ್ಲ ಮಾವ: ಹಾಗಾದರೆ ಕೆಟ್ಟದ್ದು ಒಂದೇ ಅಲ್ವಾ? ಒಂದೇ ತರಿಸು. ಒಂದು ಎತ್ತು ಮುದಿಯಾಯಿತು ಅಂತ ಜೋಡಿಯನ್ನೇ ಮಾರುತ್ತಾರಾ?

ನಾನು: ಮುದಿ ಎತ್ತಿನ ಜೊತೆ ಹೊಸ ಎತ್ತು ಕಟ್ಟಿದರೆ ಗದ್ದೆ ಉಳುವುದು ಯಾರು ಮಾವ? ಎರಡೂ 2019ರದ್ದು. 12.5 ತೋರಿಸಿದ್ದಕ್ಕೆ ಫ್ಯಾನು, ಲೈಟು ಹಾಕಿ ಒಂದು ಗಂಟೆ ಬಿಟ್ಟೆ. 11.7ಕ್ಕೆ ಇಳಿಯಿತು. ಅದರಲ್ಲೂ ದಮ್ಮಿಲ್ಲ. ಇದರ ಪಕ್ಕ ಹೊಸದು ಕಟ್ಟಿದರೆ ಭಾರ ಎಲ್ಲ ಹೊಸದರ ಮೇಲೆ. ಅದೂ ಬೇಗ ಸೋಲುತ್ತದೆ.

ಬೆಂಗಳೂರು ಭಾವ: ಇನ್ನೂ ಸೀಸದ ಬ್ಯಾಟರಿಯ ಮಾತೇ? ಲಿಥಿಯಂ ಹಾಕಿ. 100 ಆಂಪಿಯರ್-ಅವರಿನದ್ದು ಒಂದು ಸಾಕು. ಸೀಸದ್ದನ್ನು ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡಬಾರದು. ಇದರಲ್ಲಿ ನೂರಕ್ಕೆ 80 ಧೈರ್ಯವಾಗಿ ಬಳಸಬಹುದು. ತೂಕ 12 ಕಿಲೋ. ಈಗ ಇರುವ ಎರಡು ಸೇರಿ 60 ಆಗುವುದಿಲ್ಲವೇ?

ಕುಂಬಳೆ ಸಣ್ಣತ್ತೆ: ಮೊದಲು ದುಡ್ಡು ಎಷ್ಟು ಹೇಳಿ.

ನಾನು: ಅಂಗಡಿಯಲ್ಲಿ ಕೇಳಿದ್ದೇನೆ ಅತ್ತೆ. ಸೀಸದ್ದು ಒಂದಕ್ಕೆ 10,000ದ ಹತ್ತಿರ. ಎರಡಕ್ಕೆ 20,000, ಮನೆಗೆ 4,000. ಲಿಥಿಯಂ ಒಂದಕ್ಕೇ 35,000 ಹೇಳಿದರು.

ಕುಂಬಳೆ ಸಣ್ಣತ್ತೆ: ನಾವು ಎರಡು ವರ್ಷದಲ್ಲಿ ತೆಗೆದುಕೊಂಡು ಹೋದದ್ದು ಒಂದೇ ಸಲ. ಅದೂ ಬೇಕಲಕ್ಕೆ, ಸಂಜೆ ವಾಪಸ್. ನಮಗೂ ಸಮಪಾಲು ಯಾಕೆ?

ಪೆರ್ಲ ಮಾವ: ಈ ಸಂದೇಶವನ್ನು ಅಳಿಸಲಾಗಿದೆ

ಕುಂಬಳೆ ಸಣ್ಣತ್ತೆ: ನಾನು ಓದಿ ಆಯಿತು.

ನಾನು: ಭಾವ, ಲಿಥಿಯಂ ಒಳ್ಳೆಯದೇ, ನಾನು ಬೇಡ ಅನ್ನುವುದಿಲ್ಲ. ಆದರೆ ಬ್ಯಾಟರಿ ಒಂದು ತಂದರೆ ಮುಗಿಯುವುದಿಲ್ಲ. ಟ್ರೈಲರಿನ ಚಾರ್ಜರ್ ಸೀಸದ್ದಕ್ಕೆ ಮಾಡಿದ್ದು. ಜೀಪಿನಿಂದ ನೇರ ವಯರು ಬಂದಿದೆ. ಲಿಥಿಯಂ ಕೊಟ್ಟಷ್ಟೂ ಕರೆಂಟು ನುಂಗುತ್ತದೆ, ಸಂಪಾಜೆ ಘಾಟಿ ಹತ್ತುವಾಗ ಜೀಪಿನಲ್ಲಿ ಕರೆಂಟು ಮಾಡುವ ಆಲ್ಟರ್ನೇಟರ್ ಬಿಸಿಯಾಗಿ ಕೂತರೆ? ನಡುವೆ ಇನ್ನೊಂದು ಚಾರ್ಜರ್ ಹಾಕಬೇಕು. ಅದರ ದುಡ್ಡು ಬೇರೆ. ಮತ್ತೆ ತೂಕ. ಪೆಟ್ಟಿಗೆ ಇರುವುದು ಮುಂದೆ, ಕೊಕ್ಕೆಯ ಮೇಲೆ. ಅಲ್ಲಿಂದ 48 ಕಿಲೋ ತೆಗೆದರೆ ಮೂತಿ ಹಗುರ ಆಗುತ್ತದೆ. ಮೂತಿ ಹಗುರ ಆದ ಟ್ರೈಲರ್ ಇಳಿಜಾರಿನಲ್ಲಿ ಬಾಲ ಆಡಿಸುತ್ತದೆ.

ಬೆಂಗಳೂರು ಭಾವ: ನೀರಿನ ಕ್ಯಾನು ಮುಂದೆ ಇಟ್ಟರಾಯಿತು.

ನಾನು: ದಾರಿಯಲ್ಲಿ ನೀರು ಖಾಲಿಯಾದ ಮೇಲೆ? ನೀವು ಬಂದು ಕೂರುತ್ತೀರಾ ಅಲ್ಲಿ?

ನೀರ್ಚಾಲು ಅಣ್ಣ: 😂 ನಮ್ಮ ಇನ್ವರ್ಟರಿನ ಹಳೆ ಟ್ಯೂಬುಲರ್ ಬ್ಯಾಟರಿ ಒಂದುಂಟು. ಬೇಕಾ?

ನಾನು: ಅದು ಗೋಡೆ ಬದಿಯಲ್ಲಿ ಅಲ್ಲಾಡದೆ ಕೂರುವಂಥದ್ದು ಅಣ್ಣ. ಪೆಟ್ಟಿಗೆಯಲ್ಲಿ ಹಿಡಿಸುವುದೂ ಇಲ್ಲ. ನಮ್ಮ ರಸ್ತೆಯ ಗುಂಡಿಗೆ ಆಸಿಡ್ ಚೆಲ್ಲುತ್ತದೆ.

ಮುಳ್ಳೇರಿಯ ಚಿಕ್ಕಪ್ಪ: ಎಲ್ಲರಿಗೂ ಶುಭರಾತ್ರಿ 🌷

ಬೆಂಗಳೂರು ಭಾವ: ಆರು ವರ್ಷ ಆಯಿತು ಸರಿ, ಆದರೆ ಹೀಗೆ ಒಮ್ಮೆಲೇ ಯಾಕೆ ಸತ್ತಿತು? ಕಳೆದ ಏಪ್ರಿಲಿನಲ್ಲಿ ನಾನು ತಂದಾಗ ಮೂರು ರಾತ್ರಿ ಫ್ಯಾನು ಓಡಿತ್ತು.

ನಾನು: ಅದನ್ನೇ ಹೇಳಬೇಕು ಅಂತ ಇದ್ದೆ. ಮೇ ತಿಂಗಳಲ್ಲಿ ರಾಣಿಪುರಕ್ಕೆ ಹೋಗಿ ಬಂದವರು ಫ್ರಿಜ್ಜು ಆಫ್ ಮಾಡಿರಲಿಲ್ಲ. ಅದು ಓಡುವಾಗ 4 ಆಂಪಿಯರ್ ಎಳೆಯುತ್ತದೆ. ದಿನದ ಅರ್ಧ ಹೊತ್ತು, 12 ಗಂಟೆ ಓಡಿದರೂ 48 ಆಂಪಿಯರ್-ಅವರ್. ಇರುವುದು ಎರಡೂ ಬ್ಯಾಟರಿ ಸೇರಿ 200. ನಾಲ್ಕು ದಿನದಲ್ಲಿ ಬರಿದು.

ಬೆಂಗಳೂರು ಭಾವ: ವೋಲ್ಟೇಜು ಇಳಿದರೆ ಫ್ರಿಜ್ಜು ತಾನೇ ಆಫ್ ಆಗುತ್ತದೆ ಅಲ್ವಾ?

ನಾನು: ಆಗುತ್ತದೆ, ಬ್ಯಾಟರಿ ಬರಿದಾದ ಮೇಲೆ. ಆಮೇಲೆ ಇಡೀ ಮಳೆಗಾಲ ಅದೇ ಬರಿ ಹೊಟ್ಟೆಯಲ್ಲಿ ನಿಂತಿತು. ಹಾಗೆ ನಿಂತರೆ ಒಳಗಿನ ಸೀಸದ ಪ್ಲೇಟಿನ ಮೇಲೆ ಉಪ್ಪು ಗಟ್ಟಿ ಕಟ್ಟುತ್ತದೆ. ಮತ್ತೆ ಚಾರ್ಜು ಮಾಡಿದರೂ ಕರಗುವುದಿಲ್ಲ. ನನ್ನದೂ ತಪ್ಪುಂಟು. ಟರ್ಪಾಲು ಹೊದೆಸಿದೆ, ಒಳಗೆ ಇಣುಕಲಿಲ್ಲ.

ಪೆರ್ಲ ಮಾವ: ಯಾರು ಬಿಟ್ಟರು ಅಂತ ಈಗ ಕೆದಕುವುದು ಬೇಡ. 12.5 ಇರುವುದನ್ನು ಬಿಸಾಡಬೇಡ. ನಮ್ಮ ತೋಟದಲ್ಲಿ ಹಂದಿ ಬೇಲಿಯ ಬ್ಯಾಟರಿ ಹೋಗಿದೆ. ಬೇಲಿಗೆ ಅದು ಧಾರಾಳ.

ನಾನು: ಅದು ಸರಿ ಮಾವ, ಬೇಲಿಗೆ ಕರೆಂಟು ತುಂಬ ಬೇಡ. ಸತ್ತದ್ದನ್ನು ಅಂಗಡಿಗೆ ಕೊಡುತ್ತೇನೆ, ಹೊಸದರ ಬೆಲೆಯಲ್ಲಿ ಕಳೆಯುತ್ತಾರೆ.

ಕುಂಬಳೆ ಸಣ್ಣತ್ತೆ: ಬೇಲಿಗೆ ಹೋಗುವ ಬ್ಯಾಟರಿಯಲ್ಲೂ ನಮ್ಮ ಪಾಲು ಉಂಟಲ್ಲ? ಅದರ ದುಡ್ಡು?

ನೀರ್ಚಾಲು ಅಣ್ಣ: ಅದಿರಲಿ, ರಾಣಿಪುರಕ್ಕೆ ಹೋದದ್ದು ಯಾರು? ನಾವಂತೂ ಅಲ್ಲ.

ನಾನು: ಗಾಡಿಮನೆ ತೆಗೆದುಕೊಂಡು ಹೋದವರು ಬರೆಯುವ ಪುಸ್ತಕದಲ್ಲಿ ಯಾರೂ ಬರೆದಿಲ್ಲ. ಫ್ರಿಜ್ಜಿನಲ್ಲಿ ಒಂದು ಸ್ಟೀಲು ಡಬ್ಬ ಸಿಕ್ಕಿತು. ಒಳಗೆ ಒಂದು ಕಾಲದ ಮಾವಿನಹಣ್ಣಿನ ಗೊಜ್ಜು, ಬೆರಳುದ್ದ ಬೂಸ್ಟು. ಡಬ್ಬದ ಅಡಿಯಲ್ಲಿ 12-5-1991 ಅಂತ ಕೆತ್ತಿದೆ. ಯಾರದ್ದು ಈ ಮದುವೆ ತಾರೀಕು?

(ಏಳು ನಿಮಿಷ ಯಾರೂ ಏನೂ ಬರೆಯಲಿಲ್ಲ. ಹದಿಮೂರು ಜನ ನೋಡಿದ್ದರು.)

ಪೆರ್ಲ ಅತ್ತೆ: ಅಯ್ಯೋ, ನಮ್ಮದು! ಮೇ ತಿಂಗಳಿಂದ ಹುಡುಕುತ್ತಾ ಇದ್ದೇನೆ. ಕೆಲಸದವಳನ್ನು ಸುಮ್ನೆ ಕೇಳಿದೆ, ಪಾಪ.

ಪೆರ್ಲ ಮಾವ: ಎರಡೂ ತರಿಸು. ಒಂದೇ ಕಂಪನಿಯದ್ದು, ಒಂದೇ ತಿಂಗಳಿನದ್ದು ನೋಡಿ ತೆಗೆದುಕೋ. ನಮ್ಮ ಪಾಲು ನಾಳೆ ಬೆಳಿಗ್ಗೆ ಹಾಕುತ್ತೇನೆ.

ಕುಂಬಳೆ ಸಣ್ಣತ್ತೆ: ಒಂದು ಪಾಲೋ, ಎರಡೋ?

ಪೆರ್ಲ ಅತ್ತೆ: ಮಗಳೇ, ಡಬ್ಬ ತೊಳೆಯಬೇಡ. ಹಾಗೇ ಕೊಟ್ಟು ಕಳಿಸು. ಇವರೇ ತೊಳೆಯಲಿ.